ಪೆಲೆಟ್ ಚೀಲ ತರುವುದು ನಿಲ್ಲಿಸಿ 5 ವರ್ಷ: ನನ್ನ ಅನುಭವ

ಹೋದ ತಿಂಗಳು ನನ್ನ ಗ್ರೇ ಗಿಳಿಯ ರಕ್ತ ಪರೀಕ್ಷೆಯ ರಿಪೋರ್ಟ್ ಬಂತು. ಕ್ಯಾಲ್ಸಿಯಂ ಸರಿಯಾಗಿದೆ, ಯೂರಿಕ್ ಆಸಿಡ್ ಸರಿಯಾಗಿದೆ, ಲಿವರ್‌ದೂ ಸರಿಯಾಗಿದೆ. ಸತತ ಮೂರನೇ ವರ್ಷ, ಅದೂ ಪೆಲೆಟ್ ಇಲ್ಲದೆ, ಅಂದರೆ ಚೀಲದಲ್ಲಿ ಸಿಗುವ, ಕಾಳು ವಿಟಮಿನ್ ಬೆರೆಸಿ ಗುಳಿಗೆ ಮಾಡಿದ ಗಿಳಿ ಆಹಾರ ಇಲ್ಲದೆ. "ಪೆಲೆಟ್ ಇಲ್ಲದೆ ಗ್ರೇ ಸಾಕೋಕೆ ಆಗಲ್ಲ, ವರ್ಷ ತುಂಬೋದರೊಳಗೆ ನೀವೇ ವಾಪಸ್ ಬರ್ತೀರಿ" ಅಂದಿದ್ದ ಡಾಕ್ಟರೇ ಈ ಸಲ ನಾನು ಹಕ್ಕಿಗಳ ತೂಕ ಬರೆದಿಡುವ ಪುಸ್ತಕ ಇಸಿದುಕೊಂಡು ಪುಟ ತಿರುವಿ ತಿರುವಿ ನೋಡಿದರು. ಇಷ್ಟು ದಿನ ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುತ್ತಿದ್ದೆ. ಇನ್ನು ಒಂದೇ ಸಲ ಬರೆದುಬಿಡೋಣ ಅನ್ನಿಸಿತು.

ಮನೆಯಲ್ಲಿರುವುದು ಒಂದು ಕಾಂಗೋ ಗ್ರೇ (ಆಫ್ರಿಕಾದ ಬೂದು ಗಿಳಿ), 13 ವರ್ಷದ ಹೆಣ್ಣು. ಜೊತೆಗೆ ಒಂದು ಜೋಡಿ ಕಾಕಟೀಲ್, ಜುಟ್ಟಿರುವ ಸಣ್ಣ ಗಿಳಿಗಳು. ನಡುವೆ ಕೆಲವು ತಿಂಗಳು ಪರಿಚಯದವರ ಎರಡು ಬಜ್ಜಿಗಳೂ (ಬಜರಿಗಾರ್ ಅನ್ನುವ ಪುಟ್ಟ ಗಿಳಿಗಳು) ಇದ್ದವು. ಲೋರಿ ಗಿಳಿ ಸಾಕುವವರು ಮಾತ್ರ ಇದನ್ನು ಓದಿ ಹೀಗೇ ಮಾಡಬೇಡಿ. ಅವು ಮಕರಂದ ನೆಕ್ಕುವ ಹಕ್ಕಿಗಳು, ಅವುಗಳ ಊಟದ ಲೆಕ್ಕವೇ ಬೇರೆ.

ಪೆಲೆಟ್ ವಿಷ ಅಂತ ನಾನು ಹೇಳುವುದಿಲ್ಲ. ಬರೀ ಸೂರ್ಯಕಾಂತಿ ಬೀಜ ತಿಂದು ಬೆಳೆದ ಗಿಳಿಗಿಂತ ಪೆಲೆಟ್ ತಿಂದ ಗಿಳಿ ಎಷ್ಟೋ ವಾಸಿ. ಆ ಬೀಜದಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಕೊಬ್ಬು, ವಿಟಮಿನ್ ಎ ಇಲ್ಲವೇ ಇಲ್ಲ ಅನ್ನಬಹುದು. ನನ್ನ ತೊಂದರೆ ಬೇರೆ ಇತ್ತು. ನನ್ನ ಗ್ರೇ ಪೆಲೆಟ್ ತಿನ್ನುತ್ತಿರಲಿಲ್ಲ, ಪುಡಿ ಮಾಡುತ್ತಿತ್ತು. ಅನುಮಾನ ಬಂದು ಎರಡು ವಾರ ಕೂತು ತೂಗಿದೆ. ದಿನಕ್ಕೆ ಹಾಕುತ್ತಿದ್ದದ್ದು 45 ಗ್ರಾಂ. ಪಂಜರದ ಕೆಳಗಿನ ಟ್ರೇಯಲ್ಲಿ ಸಿಗುತ್ತಿದ್ದದ್ದು 20 ಗ್ರಾಂ, ಕೆಲವು ದಿನ 25. ಅಂದರೆ ಚೀಲದ ಅರ್ಧ ದುಡ್ಡು ನೇರ ಕಸದ ಬುಟ್ಟಿಗೆ. ದೊಡ್ಡ ಚೀಲ ಅಗ್ಗ, ಆದರೆ ತೆರೆದು ಒಂದೂವರೆ ತಿಂಗಳಿಗೆ ಕಮಟು ವಾಸನೆ. ಚಿಕ್ಕ ಚೀಲ ತಂದರೆ ಬೆಲೆ ಜಾಸ್ತಿ. ಅದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಹತ್ತು ನಿಮಿಷದಲ್ಲಿ ಊಟ ಮುಗಿಸಿ ಉಳಿದ ಹೊತ್ತೆಲ್ಲ ಅದು ಎದೆಯ ಪುಕ್ಕ ಕೀಳುತ್ತಾ ಕೂರುತ್ತಿತ್ತು. ಕಾಡಿನಲ್ಲಿದ್ದರೆ ಗಂಟೆಗಟ್ಟಲೆ ಹುಡುಕಿ, ಸಿಪ್ಪೆ ಬಿಡಿಸಿ ತಿನ್ನುವ ಜೀವ ಅಲ್ವಾ?

ಮೊದಲ ತಪ್ಪು ಬಹಳ ಜನ ಮಾಡುವಂಥದ್ದೇ. ಒಂದು ಬೆಳಿಗ್ಗೆ ಹಳೆಯ ಬಟ್ಟಲು ತೆಗೆದು ಚಾಪ್ (ಹೆಚ್ಚಿದ ತರಕಾರಿ, ಸೊಪ್ಪಿನ ಮಿಶ್ರಣ) ತುಂಬಿದ ಬಟ್ಟಲು ಇಟ್ಟೆ. ಹಸಿವಾದರೆ ತಾನೇ ತಿನ್ನುತ್ತದೆ ಅಂದುಕೊಂಡೆ. ಗಿಳಿ ಹಾಗಲ್ಲ. ಗುರುತಿಲ್ಲದ್ದನ್ನು ಅದು ಊಟ ಅಂತಲೇ ಎಣಿಸುವುದಿಲ್ಲ, ತುಂಬಿದ ಬಟ್ಟಲಿನ ಮುಂದೆ ಉಪವಾಸ ಕೂರುತ್ತದೆ. ಗಂಡು ಕಾಕಟೀಲ್ 94 ಗ್ರಾಂ ಇದ್ದದ್ದು ನಾಲ್ಕನೇ ಬೆಳಿಗ್ಗೆ 84ಕ್ಕೆ ಇಳಿದಿತ್ತು. ಬಟ್ಟಲ ಹತ್ತಿರ ಹೋಗಿ ಕೊಕ್ಕು ಆಡಿಸುತ್ತಿತ್ತು, ನೋಡಿದವರಿಗೆ ತಿಂದ ಹಾಗೇ ಕಾಣುತ್ತಿತ್ತು. ಹಿಕ್ಕೆ ನೋಡಿದಾಗ ಗೊತ್ತಾಯಿತು. ಲೆಕ್ಕಕ್ಕೆ ನಾಲ್ಕೈದು, ಅದೂ ಕಡು ಹಸಿರು. ಅವತ್ತೇ ಹಳೆಯ ಊಟ ವಾಪಸ್ ಕೊಟ್ಟೆ. ಒಂದು ಗ್ರಾಂ ತೋರಿಸುವ ತಕ್ಕಡಿ ಇರದಿದ್ದರೆ ಆ ಹಕ್ಕಿ ಇವತ್ತು ಇರುತ್ತಿರಲಿಲ್ಲ. ತಕ್ಕಡಿ ಇಲ್ಲದವರು ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಆಮೇಲೆ ಮಾಡಿದ್ದು ಹೀಗೆ. ಬೆಳಿಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ, ಊಟಕ್ಕೆ ಮುಂಚೆ ತೂಕ. ನಂತರ ಒಂದೂವರೆ ಗಂಟೆ ಚಾಪ್ ಮಾತ್ರ, ಅದರ ಮೇಲೆ ಅವು ಇಷ್ಟಪಡುವ ಬೀಜ ಒಂದಿಷ್ಟು ಉದುರಿಸಿ. ಹತ್ತು ಗಂಟೆಯಿಂದ ಹಳೆಯ ಊಟ. ತೂಕ ನೂರಕ್ಕೆ ಮೂರು ಇಳಿದರೆ ಒಂದು ಹೆಜ್ಜೆ ಹಿಂದಕ್ಕೆ. ನೂರಕ್ಕೆ ಹತ್ತು ಇಳಿದರೆ ಆಸ್ಪತ್ರೆ, ಎರಡು ಮಾತಿಲ್ಲ. ಗ್ರೇಗೆ ಸುಮಾರು 10 ವಾರ ಹಿಡಿಯಿತು. ಗಂಡು ಕಾಕಟೀಲ್‌ಗೆ 7 ತಿಂಗಳು! ಐದನೇ ತಿಂಗಳಲ್ಲಿ ಮನೆಯವರೆಲ್ಲ ಬಿಟ್ಟುಬಿಡು ಅಂದರು. ಬಿಡಲಿಲ್ಲ. ಕಾಕಟೀಲ್‌ಗೆ ಎಲ್ಲವನ್ನೂ ನವಣೆ ಕಾಳಿನಷ್ಟು ಸಣ್ಣಗೆ ಹೆಚ್ಚಬೇಕು, ಆಗ ಆರಿಸಿ ಎಸೆಯಲು ಆಗುವುದಿಲ್ಲ. ಗ್ರೇಗೆ ಇದರ ಉಲ್ಟಾ, ಕಾಲಲ್ಲಿ ಹಿಡಿಯುವಷ್ಟು ದಪ್ಪ ತುಂಡು ಬೇಕು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ನಾನೇ ಕಂಡುಕೊಂಡಿದ್ದು.

ಎರಡನೇ ಪೆಟ್ಟು ಮೊಳಕೆಯಿಂದ ಬಿತ್ತು. ಮೊಳಕೆ ನನ್ನ ಊಟದ ಪದ್ಧತಿಯ ಬೆನ್ನೆಲುಬು, ಈಗಲೂ ಅಷ್ಟೇ. ಆದರೆ ಮೊದಲ ಬೇಸಿಗೆಯಲ್ಲಿ ಮುಚ್ಚಳ ಬಿಗಿದ ಜಾಡಿಯಲ್ಲಿ ಮಾಡುತ್ತಿದ್ದೆ, ನೀರು ಪೂರ್ತಿ ಬಸಿಯುತ್ತಿರಲಿಲ್ಲ. ಸ್ವಲ್ಪ ಹುಳಿ ವಾಸನೆ ಇತ್ತು, ಮೊಳಕೆ ಅಂದಮೇಲೆ ಇರುತ್ತದೆ ಬಿಡು ಅಂದುಕೊಂಡೆ. ಎರಡು ದಿನಕ್ಕೆ ಗ್ರೇ ಉಬ್ಬಿಕೊಂಡು ಕೂತಿತು, ಹಿಕ್ಕೆ ನೀರು ನೀರು. ಬ್ಯಾಕ್ಟೀರಿಯಾ ಸೋಂಕು. ಐದು ದಿನ ಆಸ್ಪತ್ರೆಗೆ ಓಡಾಟ, ಬಿಲ್ಲು ನೋಡಿದರೆ 8 ತಿಂಗಳ ಪೆಲೆಟ್ ದುಡ್ಡಿನಷ್ಟು. ಈಗ ಎಂಟು ಗಂಟೆ ನೆನೆಸಿ, ಜರಡಿಯಲ್ಲಿ ಹರಡಿ, ದಿನಕ್ಕೆ ನಾಲ್ಕು ಸಲ ತೊಳೆಯುತ್ತೇನೆ. ಬಿಳಿ ತುದಿ ಇಣುಕಿದ ತಕ್ಷಣ ಕೊಡುತ್ತೇನೆ, ಉದ್ದ ಬಾಲ ಬರುವವರೆಗೆ ಕಾಯುವುದಿಲ್ಲ. ಮೂಸಿ ನೋಡಿದರೆ ಹಸಿ ಮಣ್ಣಿನ ಹಾಗೆ ತಣ್ಣನೆಯ ವಾಸನೆ ಬರಬೇಕು. ಬೆರಳಿಗೆ ಲೋಳೆ ಹತ್ತಿದರೆ ಇಡೀ ತಟ್ಟೆ ಹೊರಗೆ, ಎಷ್ಟೇ ದುಬಾರಿ ಕಾಳಾಗಲಿ. ಬಟ್ಟಲಲ್ಲಿ ಉಳಿದ ಒದ್ದೆ ಊಟವನ್ನೂ ಎರಡು ಗಂಟೆಗೆ ತೆಗೆಯುತ್ತೇನೆ.

ಮೂರನೆಯದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಿವುಚುತ್ತದೆ. ಗ್ರೇಗೆ ಕ್ಯಾಲ್ಸಿಯಂ ಜಾಸ್ತಿ ಬೇಕು ಅಂತ ಗೊತ್ತಿತ್ತು, ಅದಕ್ಕೇ ಪ್ರತಿದಿನ ಪಾಲಕ್ ಹಾಕುತ್ತಿದ್ದೆ. ಕಿಟಕಿ ಪಕ್ಕ ಬಿಸಿಲೂ ಬೀಳುತ್ತಿತ್ತು, ಡಿ ವಿಟಮಿನ್‌ಗೆ ಅಷ್ಟು ಸಾಕು ಅಂದುಕೊಂಡಿದ್ದೆ. ಒಂದು ಸಂಜೆ ಕಡ್ಡಿಯ ಮೇಲೆ ಕೂತಿದ್ದ ಹಕ್ಕಿ ನಡುಗಿ ಧಪ್ ಅಂತ ಕೆಳಗೆ ಬಿತ್ತು. ಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಪಾತಾಳದಲ್ಲಿತ್ತು. ಪಾಲಕ್‌ನಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಕ್ಕಿಗೆ ಸಿಗಲು ಬಿಡುವುದಿಲ್ಲ. ಬಿಸಿಲಿನಲ್ಲಿರುವ ಯುವಿಬಿ ಅನ್ನುವ ನೇರಳಾತೀತ ಕಿರಣ ಕಿಟಕಿ ಗಾಜನ್ನು ದಾಟುವುದಿಲ್ಲ. ಅದಿಲ್ಲದೆ ಮೈಯಲ್ಲಿ ಡಿ3 (ಡಿ ವಿಟಮಿನ್‌ನ ಒಂದು ರೂಪ) ಆಗುವುದಿಲ್ಲ, ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಹೀರುವುದಿಲ್ಲ. ಎರಡು ತಪ್ಪು ಒಂದರ ಮೇಲೊಂದು ಕೂತಿದ್ದವು. ಪೆಲೆಟ್ ತಿನ್ನುತ್ತಿದ್ದಾಗ ಇವೆರಡನ್ನೂ ಚೀಲವೇ ಮುಚ್ಚಿಕೊಡುತ್ತಿತ್ತು. ಪೆಲೆಟ್ ಬಿಟ್ಟವರು ಆ ತೂತುಗಳನ್ನು ಕೈಯಾರೆ ಮುಚ್ಚಬೇಕು, ನನ್ನ ಲೆಕ್ಕದಲ್ಲಿ ಇಡೀ ವಿದ್ಯೆ ಇರುವುದು ಅಲ್ಲೇ. ಎ, ಡಿ, ಕ್ಯಾಲ್ಸಿಯಂ, ಈ ಮೂರು.

ಈಗ ನನ್ನ ಮನೆಯಲ್ಲಿ ಎ ವಿಟಮಿನ್‌ಗೆ ಗೆಣಸು, ಕ್ಯಾರೆಟ್, ಕುಂಬಳ, ಕೆಂಪು ದಪ್ಪ ಮೆಣಸಿನಕಾಯಿ. ಇವುಗಳಲ್ಲಿ ಒಂದಾದರೂ ಇಲ್ಲದ ದಿನವಿಲ್ಲ. ಗೆಣಸು ಬೇಯಿಸಿಯೇ ಕೊಡುತ್ತೇನೆ. ಸೊಪ್ಪಿಗೆ ಪಾಲಕ್ ಬಿಟ್ಟು ಕೇಲ್, ಸಾಸಿವೆ ಸೊಪ್ಪು, ಬ್ರೊಕೋಲಿ. ಕ್ಯಾಲ್ಸಿಯಂಗೆ ಕಟಲ್ ಬೋನ್ (ಕಟಲ್‌ಫಿಶ್ ಅನ್ನುವ ಕಡಲಜೀವಿಯ ಒಳಚಿಪ್ಪು) ಸದಾ ತೂಗುತ್ತಿರುತ್ತದೆ, ಜೊತೆಗೆ ಕುದಿಸಿ ಒಣಗಿಸಿದ ಮೊಟ್ಟೆ ಚಿಪ್ಪಿನ ಪುಡಿ ಮತ್ತು ಬಾದಾಮಿ. ಚಿಪ್ಪಿನ ಪುಡಿ ಹಾಕಿದರೆ ಗ್ರೇ ಮೊದಲು ಮೂತಿ ತಿರುಗಿಸುತ್ತಿತ್ತು. ಈಗ ಬಟ್ಟಲು ನೆಕ್ಕುತ್ತದೆ. ಅದಕ್ಕೆ ನಾನು ಬೆರೆಸುವ ಇನ್ನೊಂದು ವಸ್ತು ಇದೆ, ಕಂಡುಹಿಡಿಯಲು ನನಗೆ ಒಂದೂವರೆ ವರ್ಷ ಹಿಡಿಯಿತು, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಡಿ3ಗೆ ಬಿಸಿಲಲ್ಲಿ ಅರ್ಧ ಗಂಟೆ ಹೊರಗೆ, ಪಂಜರದ ಅರ್ಧಕ್ಕೆ ನೆರಳು ಮಾಡಿ. ಮೋಡದ ತಿಂಗಳುಗಳಲ್ಲಿ ಯುವಿಬಿ ದೀಪ. ವಾರಕ್ಕೆ ಎರಡು ಸಲ ಬೇಯಿಸಿದ ಮೊಟ್ಟೆ, ಕಾಕಟೀಲ್‌ಗೆ ಬಟಾಣಿಯಷ್ಟು, ಗ್ರೇಗೆ ಹೆಬ್ಬೆರಳ ತುದಿಯಷ್ಟು.

ಅಳತೆ ಕೇಳುವವರಿಗೆ ಅಂದಾಜು ಹೇಳುತ್ತೇನೆ. ಗ್ರೇಗೆ ನೂರರಲ್ಲಿ 60 ತರಕಾರಿ ಸೊಪ್ಪು, 25 ಮೊಳಕೆ ಮತ್ತು ಬೇಯಿಸಿದ ಧಾನ್ಯ, 10 ಬೀಜ ಬಾದಾಮಿ ವಾಲ್‌ನಟ್, ಉಳಿದ 5 ಹಣ್ಣು. ಹಣ್ಣು ಮೊದಲು ಕೈತುಂಬ ಕೊಡುತ್ತಿದ್ದೆ. ಆಮೇಲೆ ಅದು ತರಕಾರಿ ಮುಟ್ಟುವುದನ್ನೇ ಬಿಟ್ಟಿತು, ಅದಕ್ಕೇ ಈಗ ಹಣ್ಣು ಬಹುಮಾನಕ್ಕೆ ಮಾತ್ರ. ಕಾಕಟೀಲ್‌ಗೆ ಸಣ್ಣ ಬೀಜ 30ರವರೆಗೂ ಹೋಗುತ್ತದೆ. ಬಜ್ಜಿಗಳಿಗೆ ಇನ್ನೂ ಸ್ವಲ್ಪ ಜಾಸ್ತಿ ಕೊಡುತ್ತಿದ್ದೆ. ಆಸ್ಟ್ರೇಲಿಯಾದ ಒಣ ಬಯಲಲ್ಲಿ ಹುಲ್ಲಿನ ಬೀಜ ತಿಂದು ಬದುಕುವ ಹಕ್ಕಿಗಳಿಗೆ ಬೀಜವೇ ಕೂಡದು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಆವಕಾಡೊ, ಚಾಕೊಲೇಟ್, ಈರುಳ್ಳಿ, ಸೇಬಿನ ಬೀಜ ಇವೆಲ್ಲ ಕೊಡಬಾರದು ಅನ್ನುವುದು ನಿಮಗೆ ಗೊತ್ತಿರುವುದೇ. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ರಾಜ್ಮಾ ಮೊಳಕೆ ಕಟ್ಟಿ ಹಸಿಯಾಗಿ ಕೊಡಬೇಡಿ, ಅರೆಬೆಂದದ್ದೂ ಬೇಡ, ಅದರಲ್ಲಿರುವ ಲೆಕ್ಟಿನ್ ವಿಷ. ಮೊಳಕೆ ಅಂದರೆ ನನ್ನಲ್ಲಿ ಹೆಸರುಕಾಳು, ಗೋಧಿ, ನವಣೆ, ಓಟ್ಸ್ ಅಷ್ಟೇ.

ಚಾಪ್ ವಾರಕ್ಕೆ ಒಂದೇ ದಿನ ಹೆಚ್ಚಿ ಫ್ರೀಜರ್‌ನಲ್ಲಿ ಇಡುತ್ತೇನೆ. ಮೊದಮೊದಲು ಕರಗಿದ ಮೇಲೆ ಗಂಜಿಯಂತಾಗುತ್ತಿತ್ತು, ಎರಡು ಡಬ್ಬಿ ಸೌತೆಕಾಯಿ ಪೂರ್ತಿ ದಂಡವಾಯಿತು. ತೊಳೆದ ತರಕಾರಿಯನ್ನು ಬಟ್ಟೆಯ ಮೇಲೆ ಹರಡಿ, ಕೈಗೆ ಪಸೆ ಹತ್ತದಷ್ಟು ಒಣಗಿದ ಮೇಲೆ ಹೆಚ್ಚಿ, ಒಂದು ಹಿಡಿ ಒಣ ಓಟ್ಸ್ ಬೆರೆಸಿ ಡಬ್ಬಿಗೆ ಹಾಕಿದರೆ ಆ ಕಾಟ ಇಲ್ಲ. ಸೌತೆಕಾಯಿ, ಟೊಮೆಟೊ ಫ್ರೀಜರ್‌ಗೆ ಹಾಕಲೇಬೇಡಿ.

ದುಡ್ಡಿನ ವಿಷಯಕ್ಕೆ ಬರೋಣ, ಎಲ್ಲರೂ ಮೊದಲು ಕೇಳುವುದು ಅದನ್ನೇ. ಆಗಿನ ಒಂದು ತಿಂಗಳ ಪೆಲೆಟ್ ಖರ್ಚು 100 ಅಂತ ಇಟ್ಟುಕೊಳ್ಳಿ. ಈಗ ತರಕಾರಿ ಕಾಳು ಸೇರಿ 25, ಬಾದಾಮಿ ವಾಲ್‌ನಟ್‌ಗೇ 15. ಯುವಿಬಿ ದೀಪ ಉರಿಯುತ್ತಿದ್ದರೂ ಕಾಲ ಕಳೆದಂತೆ ಅದರ ಶಕ್ತಿ ಕುಂದುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ಬದಲಿಸುತ್ತೇನೆ, ಅದನ್ನು ತಿಂಗಳಿಗೆ ಹಂಚಿದರೆ 12. ವರ್ಷಕ್ಕೊಂದು ರಕ್ತ ಪರೀಕ್ಷೆ ಹಂಚಿದರೆ ಇನ್ನೊಂದು 15. ಒಟ್ಟು 67 ಆಸುಪಾಸು. ಆದರೆ ಮೊದಲ ವರ್ಷ ಆಸ್ಪತ್ರೆ ಬಿಲ್ಲು, ದಂಡವಾದ ತರಕಾರಿ, ತಕ್ಕಡಿ ಎಲ್ಲ ಸೇರಿ ತಿಂಗಳಿಗೆ 200ರ ಮೇಲೆ ಹೋಗಿತ್ತು. ಉಳಿತಾಯ ಕಣ್ಣಿಗೆ ಕಂಡಿದ್ದು ಮೂರನೇ ವರ್ಷದಿಂದ. ದುಡ್ಡು ಉಳಿಸಲೆಂದೇ ಬರುವವರು, ರಕ್ತ ಪರೀಕ್ಷೆ ಯಾಕೆ ಅನ್ನುವವರು, ದಯವಿಟ್ಟು ಪೆಲೆಟ್‌ನಲ್ಲೇ ಇರಿ. ಹಕ್ಕಿಗೆ ಅದೇ ಕ್ಷೇಮ.

ನಡುವೆ ಸುಮ್ನೆ ಕುತೂಹಲಕ್ಕೆ ಮಾಡಿದ ಪ್ರಯೋಗಗಳೂ ಇವೆ. ಒಣ ಕೆಂಪು ಮೆಣಸಿನಕಾಯಿ ಇಡಿಯಾಗಿ ಕೊಟ್ಟೆ. ಗಿಳಿಗಳಿಗೆ ಖಾರ ತಟ್ಟುವುದಿಲ್ಲ, ಗ್ರೇ ಸೀಳಿ ಬೀಜ ಬಿಡಿಸಿ ತಿಂದಿತು. ಈಗ ವಾರಕ್ಕೆ ಎರಡು ಖಾಯಂ. ಬೀಟ್‌ರೂಟ್ ಕೊಟ್ಟ ಮೇಲೆ ಹಿಕ್ಕೆ ರಕ್ತದ ಹಾಗೆ ಕೆಂಪಾಗುತ್ತದೆ, ಹೆದರಬೇಡಿ, ಕೊಟ್ಟ ದಿನ ಬರೆದಿಟ್ಟುಕೊಳ್ಳಿ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಬಚ್ಚಿಡುವ ಪ್ರಯೋಗ. ಬಟ್ಟಲಲ್ಲಿ ಹಾಕಿದ ಕ್ಯಾರೆಟ್ ತುಂಡು ಹತ್ತರಲ್ಲಿ ಎಂಟು ನೆಲಕ್ಕೆ ಬೀಳುತ್ತಿತ್ತು. ಅದೇ ಕ್ಯಾರೆಟ್ ಅನ್ನು ಖಾಲಿ ಕಾಗದದಲ್ಲಿ ಸುತ್ತಿ ಪಂಜರದ ಸರಳಿಗೆ ಸಿಕ್ಕಿಸಿದರೆ ಹತ್ತರಲ್ಲಿ ಏಳು ಹೊಟ್ಟೆಗೆ! ಒಂದು ತಿಂಗಳು ಎಣಿಸಿ ಬರೆದಿದ್ದೇನೆ. ಈಗ ಗ್ರೇಯ ಅರ್ಧ ಊಟ ಹೀಗೇ, ಏಳೆಂಟು ಕಡೆ ಬಚ್ಚಿಟ್ಟು. ಮಧ್ಯಾಹ್ನದವರೆಗೂ ಅದಕ್ಕೆ ಕೆಲಸ. ಎದೆಯ ಪುಕ್ಕ ಐದು ತಿಂಗಳಲ್ಲಿ ತುಂಬಿಕೊಂಡಿತು. ಊಟದಿಂದಲೋ, ಕೆಲಸ ಸಿಕ್ಕಿದ್ದರಿಂದಲೋ ಬೇರ್ಪಡಿಸಿ ಹೇಳಲಾರೆ, ಎರಡನ್ನೂ ನಿಲ್ಲಿಸುವ ಯೋಚನೆ ನನಗಿಲ್ಲ.

ಗಂಡು ಕಾಕಟೀಲ್ ಈಗ 92, 93ರಲ್ಲೇ ನಿಂತಿದೆ. ಕುಂಬಳಕಾಯಿ ಮಾತ್ರ ಇವತ್ತಿಗೂ ಮುಟ್ಟುವುದಿಲ್ಲ, ಗೆಣಸಿನಲ್ಲೇ ಸರಿದೂಗಿಸುತ್ತಿದ್ದೇನೆ. ಶುರುವಿನಲ್ಲಿ ನನ್ನನ್ನು ಎಲ್ಲರಿಗಿಂತ ಜಾಸ್ತಿ ಬೈದಿದ್ದ ಗೆಳೆಯರೊಬ್ಬರು ಈಗ ತಮ್ಮ ಗ್ರೇಗೆ ಇದೇ ದಾರಿ ಹಿಡಿದಿದ್ದಾರೆ, ಮೂರನೇ ವಾರ ನಡೆಯುತ್ತಿದೆ. ದಿನಾ ಬೆಳಿಗ್ಗೆ ತೂಕ ಕಳಿಸುತ್ತಾರೆ: 438, 435, 431, ನಿನ್ನೆ ಮತ್ತೆ 436. ಇನ್ನು ನಾಲ್ಕು ದಿನ ಹೀಗೇ ನಿಂತರೆ ಹಳೆಯ ಊಟದಲ್ಲಿ ಕಾಲು ಭಾಗ ಕಡಿಮೆ ಮಾಡಿ ಅಂತ ಹೇಳಿದ್ದೇನೆ.