ಕೈ ಎತ್ತಿಸುವುದನ್ನು ಬಿಟ್ಟ ಮೇಲೆ

ಯಾದಗಿರಿ ಜಿಲ್ಲೆಯ ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಬಿ.ಕಾಂ. ಮಕ್ಕಳಿಗೆ ಲೆಕ್ಕಶಾಸ್ತ್ರ ಕಲಿಸುತ್ತೇನೆ. ಸ್ಕಾಲರ್‌ಶಿಪ್ ಸುತ್ತೋಲೆ ಬಂದ ದಿನ ತರಗತಿಯಲ್ಲಿ ನಿಂತು, ‘ಎಸ್‌ಸಿ, ಎಸ್‌ಟಿ ಯಾರ್‍ಯಾರಿದ್ದೀರಿ, ಕೈ ಎತ್ತಿ’ ಅನ್ನುವುದು ನನ್ನ ರೂಢಿಯಾಗಿತ್ತು. ಒಂದು ವರ್ಷ ಕಿಟಕಿ ಪಕ್ಕದ ಹುಡುಗನೊಬ್ಬ ಕೈ ಎತ್ತಲಿಲ್ಲ, ಅರ್ಜಿಯನ್ನೂ ಹಾಕಲಿಲ್ಲ. ಮುಂದಿನ ಶುಲ್ಕದ ಹೊತ್ತಿಗೆ ಬೆಂಗಳೂರಿನ ಸೆಂಟ್ರಿಂಗ್ ಕೆಲಸಕ್ಕೆ ಹೋಗಿಬಿಟ್ಟಿದ್ದ. ಅವನು ಸಂಕೋಚದ ಸ್ವಭಾವದವನು ಅಂದುಕೊಂಡಿದ್ದೆ. ತಪ್ಪು ನನ್ನ ಪ್ರಶ್ನೆಯಲ್ಲೇ ಇತ್ತೆಂದು ಹೊಳೆಯಲು ಇನ್ನೊಂದು ವರ್ಷ ಬೇಕಾಯಿತು.

ಈಗ ಪ್ರವೇಶವಾದ ತಿಂಗಳಲ್ಲೇ ಎಲ್ಲರನ್ನೂ ಒಬ್ಬೊಬ್ಬರಾಗಿ ಕರೆದು ಕೂರಿಸಿಕೊಳ್ಳುತ್ತೇನೆ. ಕಿರಾಣಿ ಅಂಗಡಿ ಸಾಹುಕಾರರ ಮಗನೂ ಬರಬೇಕು. ಎಲ್ಲರೂ ಬಂದರೆ ಯಾರು ಯಾಕೆ ಬಂದರು ಅನ್ನುವುದು ಯಾರಿಗೂ ತಿಳಿಯುವುದಿಲ್ಲ. ಕಾಗದ ನೋಡುತ್ತೇನೆ. ಆಧಾರ್‌ನಲ್ಲಿ ‘ಹಣಮಂತ’, ಅಂಕಪಟ್ಟಿಯಲ್ಲಿ ‘ಹನುಮಂತ’ ಇದ್ದರೆ ಅಲ್ಲೇ ತೊಡಕು. ಜಾತಿ ಪ್ರಮಾಣಪತ್ರದ ಮೇಲಿನ ಗುರುತಿನ ಅಂಕಿ, ಅಂದರೆ ಆರ್‌ಡಿ ಸಂಖ್ಯೆ, ಸರಿ ಇರುತ್ತದೆ, ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿ ಮುಗಿದಿರುತ್ತದೆ. ಮತ್ತೆ ನಾಡಕಚೇರಿ, ಅಪ್ಪನ ಒಂದು ದಿನದ ಕೂಲಿ ಖೋತಾ.

ಎಲ್ಲಕ್ಕಿಂತ ಕಾಡಿದ್ದು ಬ್ಯಾಂಕ್ ಖಾತೆ. ಸ್ಕಾಲರ್‌ಶಿಪ್ ಹಣ ಅರ್ಜಿಯ ಜತೆ ಕೊಟ್ಟ ಪಾಸ್‌ಬುಕ್ಕಿಗಲ್ಲ, ಆಧಾರ್ ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಒಮ್ಮೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ‘ಪಾವತಿಯಾಗಿದೆ’ ಎಂದಿತ್ತು, ಹುಡುಗಿಯೊಬ್ಬಳ ಪಾಸ್‌ಬುಕ್ಕಿನಲ್ಲಿ ಸೊನ್ನೆ. ಮೂರು ವಾರ ಓಡಾಡಿದ ಮೇಲೆ ಹಣ ಸಿಕ್ಕಿತು: ಹಿಂದೆ ಸಿಮ್ ಕೊಳ್ಳುವಾಗ ಬೆರಳೊತ್ತಿಸಿಕೊಂಡು ತೆರೆದ ಖಾತೆಯೊಂದಿತ್ತು, ಅವಳಿಗೆ ಅದು ಗೊತ್ತೇ ಇರಲಿಲ್ಲ. ಅಂದಿನಿಂದ ಅರ್ಜಿ ಹಾಕುವ ಮುಂಚೆಯೇ ಜೋಡಣೆ ನೋಡಿಸುತ್ತೇನೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಸರ್ಕಾರದ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆಂದು ಹತ್ತು ತಿಂಗಳ ನೆರವು ಬರುತ್ತದೆ. ಖೋಲಿ ಬಾಡಿಗೆ ಕಟ್ಟಬೇಕಾದವರಿಗೆ ಅದು ತಡವಾದರೆ ಬಂದೂ ಬಾರದಂತೆ.

ಪಾಠದ ವಿಷಯಕ್ಕೆ ಬಂದರೆ, ಪಿಯುಸಿವರೆಗೆ ಕನ್ನಡದಲ್ಲಿ ಓದಿದವರು ಡಿಪ್ರಿಸಿಯೇಷನ್ ಅಂದಾಕ್ಷಣ ತಲೆ ತಗ್ಗಿಸುತ್ತಿದ್ದರು. ಒಮ್ಮೆ ‘ಸವಕಳಿ’ ಎಂದು ಬೋರ್ಡಿನ ಮೇಲೆ ಬರೆದೆ. ‘ನೇಗಿಲ ಕುಳ ಸವದಂಗಲ್ರಿ ಸರ್?’ ಅಂದಳೊಬ್ಬಳು. ಅದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಪಠ್ಯಪುಸ್ತಕದಲ್ಲಿಲ್ಲ. ಈಗ ಮೊದಲು ಕನ್ನಡದ ಮಾತು, ಲೆಕ್ಕ ಕೈಗೆ ಹತ್ತಿದ ಮೇಲೆ ಇಂಗ್ಲಿಷ್ ಹೆಸರು.

ಟೆಸ್ಟ್‌ಗಳನ್ನು ಹನ್ನೊಂದೂವರೆಗೆ ಇಡುತ್ತೇನೆ, ಏಕೆಂದರೆ ಹಳ್ಳಿಗಳ ಮೊದಲ ಬಸ್ಸು ಹತ್ತೂ ಮುಕ್ಕಾಲಿಗೆ ಬರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆ ತಪ್ಪಿದೆ. ಬಸ್ಸಿನ ಹೊತ್ತು ಮಾತ್ರ ಬದಲಾಗಿಲ್ಲ. ‘ಶಿಸ್ತು ಹೋಯಿತು’ ಎಂದು ಸಹೋದ್ಯೋಗಿಯೊಬ್ಬರು ಗೊಣಗಿದರು. ಅವರ ಮನೆ ಕಾಲೇಜಿನ ಹಿಂದೆಯೇ.

ಗುಳೆಗೆ ಮಾತ್ರ ನನ್ನಲ್ಲಿ ಉಪಾಯವಿಲ್ಲ. ದೀಪಾವಳಿ ಕಳೆದ ಮೇಲೆ ಅಪ್ಪ ಅವ್ವನ ಹಿಂದೆ ಕೆಲವರು ಹೊರಟುಬಿಡುತ್ತಾರೆ, ಹಾಜರಾತಿ ಶೇ. 75ಕ್ಕಿಂತ ಕೆಳಗಿಳಿಯುತ್ತದೆ. ಕೊರತೆಯ ಪಟ್ಟಿ ಗೋಡೆಗೆ ಅಂಟಿಸುವ ಮುನ್ನ ಒಬ್ಬೊಬ್ಬರಿಗೂ ಫೋನ್ ಹಚ್ಚುತ್ತೇನೆ. ಅರ್ಧ ಜನ ಎತ್ತುವುದಿಲ್ಲ. ಎತ್ತಿದವರ ಹಿಂದೆ ಕಾಂಕ್ರೀಟ್ ಯಂತ್ರದ ಸದ್ದು. ‘ಪರೀಕ್ಷೆ ಯಾವಾಗ್ರಿ ಸರ್?’ ಎಂದು ಕೂಗಿ ಕೇಳುತ್ತಾರೆ.