ಕುಂಡಕ್ಕೆ ಚೀಟಿ ಚುಚ್ಚಿ ಇಂಗ್ಲಿಷ್ ಕಲಿಸಿದ್ದು

ವಸ್ತುಗಳಿಗೆ ಇಂಗ್ಲಿಷ್ ಪದದ ಚೀಟಿ ಅಂಟಿಸಿದರೆ ಇಂಗ್ಲಿಷ್ ಬರುತ್ತಾ ಅಂತ ನಕ್ಕವರು ಈಗ ನಮ್ಮ ಗಿಡದ ನರ್ಸರಿಯಲ್ಲಿ ಕೆಲಸ ಮಾಡುವ ಹುಡುಗರನ್ನು ಮಾತಾಡಿಸಿ ನೋಡಲಿ.

ಬಾಗಿಲಿಗೆ ಡೋರ್, ಕಿಟಕಿಗೆ ವಿಂಡೋ ಅಂತ ಅಂಟಿಸುವುದು ದಂಡ. ಅದು ಯಾರಿಗೆ ಗೊತ್ತಿಲ್ಲ? ತಡವರಿಸುವುದು ಹಿಂಜ್ (ತಿರುಗಣಿ), ಲ್ಯಾಚ್ (ಚಿಲಕ), ಸಿಲ್ (ಕಿಟಕಿಯ ಕೆಳಪಟ್ಟಿ), ತ್ರೆಶೋಲ್ಡ್ (ಹೊಸ್ತಿಲು) ಬಂದಾಗ. ಅವನ್ನು ಅಂಟಿಸಿದರೂ ವಾರದೊಳಗೆ ಕಣ್ಣಿಗೆ ರೂಢಿಯಾಗಿ ಯಾರೂ ಓದುವುದಿಲ್ಲ. ಹೆಸರು ಬಿಟ್ಟು ಕೆಲಸ ಬರೆದ ಮೇಲೆಯೇ ಹಿಡಿದದ್ದು. ಗುಲಾಬಿ ಕುಂಡದಲ್ಲಿ ‘ರೋಸ್’ ಇಲ್ಲ, ‘ಪ್ರೂನ್ ಅಬವ್ ದ ಬಡ್’ ಅಂತಿದೆ: ಚಿಗುರೊಡೆಯುವ ಕಣ್ಣಿನ ಮೇಲಕ್ಕೆ ಕತ್ತರಿಸು. ತುಳಸಿಗೆ ‘ಪಿಂಚ್ ದ ಟಿಪ್ಸ್’: ತುದಿ ಚಿವುಟು. ಬೇರು ಸುತ್ತಿಕೊಂಡ ಕುಂಡಕ್ಕೆ ‘ರೂಟ್‌ಬೌಂಡ್, ರಿಪಾಟ್ ಇಟ್’: ಬೇರು ಸುತ್ತಿಕೊಂಡಿದೆ, ಬೇರೆ ಕುಂಡಕ್ಕೆ ಹಾಕು. ಕತ್ತರಿ ಆಡುವಾಗಲೇ ಜೋರಾಗಿ ಹೇಳಬೇಕು. ದಿನಕ್ಕೆ ಐದಾರು ಸಾಕು. ಮೂರು ದಿನ ನೋಡದೆ ಹೇಳಿದರೆ ಚೀಟಿ ಕೀಳಬೇಕು. ಕಿತ್ತದ್ದನ್ನು ಮತ್ತೆ ಯಾವಾಗ, ಎಲ್ಲಿ ಚುಚ್ಚುತ್ತೇನೆ ಅನ್ನುವುದು ಅಂಗಡಿ ಗುಟ್ಟು, ಕೇಳಬೇಡಿ.

ದುಡ್ಡು ಹೋದದ್ದು ಚೀಟಿಗೇ. ಲ್ಯಾಮಿನೇಷನ್ನಿಗೆ ಒಂದಕ್ಕೆ ಹತ್ತಿಪ್ಪತ್ತು ರೂಪಾಯಿ. ಕತ್ತರಿಸಿದ ಅಂಚಿನಿಂದ ನೀರು ನುಗ್ಗಿ ಮಳೆಗಾಲಕ್ಕೇ ಬೂಷ್ಟು. ಪರ್ಮನೆಂಟ್ ಮಾರ್ಕರ್ ಹೆಸರಿಗಷ್ಟೇ ಪರ್ಮನೆಂಟ್, ಬಿಸಿಲಿಗೆ ಮಾಸುತ್ತದೆ. ಕೊನೆಗೆ ಗೆದ್ದದ್ದು ಖಾಲಿ ಮೊಸರು ಡಬ್ಬಿ: ಬೆರಳಗಲದ ಪಟ್ಟಿ ಕತ್ತರಿಸಿ, ಮರಳುಕಾಗದದಿಂದ ಒಮ್ಮೆ ಉಜ್ಜಿ, 2ಬಿ ಪೆನ್ಸಿಲಿನಲ್ಲಿ ಒತ್ತಿ ಬರೆಯುವುದು. ಉಜ್ಜದಿದ್ದರೆ ಪೆನ್ಸಿಲ್ ಜಾರುತ್ತದೆ. ವರ್ಷವಾದರೂ ಓದಬಹುದು, ಖರ್ಚು ಪೆನ್ಸಿಲಿನದಷ್ಟೇ.

ತೊಡಕು ಮಲ್ಲಿಗೆಯಲ್ಲಿ. ದುಂಡುಮಲ್ಲಿಗೆ, ಜಾಜಿ ಎರಡೂ ಜಾಸ್ಮಿನ್. ಪಾರಿಜಾತ ನೈಟ್ ಫ್ಲವರಿಂಗ್ ಜಾಸ್ಮಿನ್, ನಂದಿಬಟ್ಟಲು ಕ್ರೇಪ್ ಜಾಸ್ಮಿನ್. ಇವೆರಡೂ ಅಸಲಿ ಮಲ್ಲಿಗೆಯಲ್ಲ. ಗಿರಾಕಿ ಜಾಸ್ಮಿನ್ ಅಂದ ಕೂಡಲೇ ನಂದಿಬಟ್ಟಲು ಕಟ್ಟಿಕೊಟ್ಟರೆ ಗಿಡ ವಾಪಸ್ ಬರುತ್ತದೆ, ದುಡ್ಡೂ ವಾಪಸ್. ಹಾಗಾಗಿ ಇಂಥವಕ್ಕೆ ಮಾತ್ರ ಚೀಟಿಯ ಬೆನ್ನಿಗೆ ಸಸ್ಯಶಾಸ್ತ್ರದ ಹೆಸರು, ಲಾಲ್‌ಬಾಗಿನ ಮರಗಳಿಗೆ ಇದ್ದಂತೆ. ಬದನೆಗೂ ಒಂದೇ ಹೆಸರು ಸಾಲದು: ನಮ್ಮೂರವರಿಗೆ ಬ್ರಿಂಜಾಲ್, ಅಮೆರಿಕದಿಂದ ಬಂದವರಿಗೆ ಎಗ್‌ಪ್ಲಾಂಟ್.

ಪದಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನೀರು ಹಾಕುವಾಗ ಕೇಳಿಸಿದ್ದೂ ಉಂಟು. ಪೈಪಿನ ಸದ್ದಿಗೆ ಸೀಡ್ (ಬೀಜ) ಯಾವುದು, ವೀಡ್ (ಕಳೆ) ಯಾವುದು ತಿಳಿಯಲೇ ಇಲ್ಲ. ಸಸಿ ನೆಡುವ ಪ್ಲಾಸ್ಟಿಕ್ ಕವರಿಗೆ ಮಣ್ಣು ತುಂಬುವಾಗ ರೆಕಾರ್ಡ್ ಹಾಕಿದರೆ ಸಲೀಸು. ಪದಕ್ಕೂ ಪದಕ್ಕೂ ನಡುವೆ ಒಂದು ಕವರ್ ತುಂಬುವಷ್ಟು ಹೊತ್ತು ಖಾಲಿ ಬಿಡಿ, ಹುಡುಗರು ತಿರುಗಿ ಹೇಳುತ್ತಾರೆ.