ಮರಳು ತುಂಬಿದ ಏಳು ಹಾವು: ನನ್ನ ಅನುಭವ

ಊರೂರಲ್ಲಿ ಹಾವಿನ ಬಗ್ಗೆ ತಿಳಿಹೇಳುವ ಕಾರ್ಯಕ್ರಮಕ್ಕೆ ಜೀವಂತ ಹಾವಿನ ಬದಲು ಅದರದೇ ಅಳತೆಯ ಮಾದರಿ ಒಯ್ಯೋಣ ಎಂದು ಮೂರು ವರ್ಷದ ಹಿಂದೆ ಹೇಳಿದಾಗ ನಮ್ಮ ಕಡೆಯ ಹಾವು ಹಿಡಿಯುವ ಗೆಳೆಯರು, "ಜೀವಂತ ಹಾವು ತೋರಿಸ್ದೆ ಇದ್ರೆ ಜನ ಕೂರಲ್ಲ ಮಾರಾಯ" ಅಂದಿದ್ದರು. ಈಗ ಅವರಲ್ಲೇ ಇಬ್ಬರು ನನ್ನ ಸೆಟ್ಟನ್ನು ಎರವಲು ಒಯ್ಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬೇಕಾಗಿದ್ದು ಸರಿಯಾದ ಅಳತೆ. ಕಾಳಿಂಗ ಬಂದಿದೆ ಎಂದು ಫೋನ್ ಮಾಡುವವರೆಲ್ಲ ಹದಿನೆಂಟು ಅಡಿ ಅನ್ನುತ್ತಾರೆ. ಆ ಜಾತಿ ಬೆಳೆಯುವ ಗರಿಷ್ಠ ಉದ್ದವೇ ಹೆಚ್ಚುಕಮ್ಮಿ ಅಷ್ಟು. ನಾನು ಅಳೆದವೆಲ್ಲ ಒಂಬತ್ತರಿಂದ ಹದಿಮೂರರೊಳಗೆ. ಎಳೆದು ಟೇಪ್ ಹಿಡಿಯುವುದು ನನಗೆ ಒಗ್ಗದ ಕೆಲಸ, ಹಾವಿನ ಬೆನ್ನುಮೂಳೆಗೆ ಪೆಟ್ಟು. ಕಾಡಿಗೆ ಬಿಡುವಾಗ ಬಣ್ಣ ಬಳಿದ ಮೂರಡಿ ಬಿದಿರಿನ ಕೋಲನ್ನು ನೆಲಕ್ಕಿಟ್ಟು, ಮೇಲಿನಿಂದ ವಿಡಿಯೊ ತೆಗೆದು, ಆಮೇಲೆ ಫೋಟೊ ಮೇಲೆ ದಾರ ಓಡಿಸಿ ಲೆಕ್ಕ ಹಾಕಿದೆ. ಮೊದಲ ಹತ್ತು ಹನ್ನೆರಡು ಅಳತೆ ದಂಡ. ಕೋಲು ನನ್ನ ಕಡೆ, ಹಾವು ದೂರ. ಹನ್ನೆರಡಡಿಯದ್ದು ಹತ್ತಕ್ಕೆ ಇಳಿದಿತ್ತು. ಹಾವು ಕೋಲಿನ ಪಕ್ಕದಲ್ಲೇ ಹಾಯುವಂತೆ ಚೀಲದ ಬಾಯಿ ಹೇಗಿಡುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಜತೆಗೆ ಬಂದರೆ ತೋರಿಸುತ್ತೇನೆ.

ನಡುವೆ ಒಂದು ಸಂಗತಿ. ಪೊರೆ ತಂದು "ಇಷ್ಟುದ್ದದ ಹಾವು" ಅನ್ನುವವರಿಗೆ ಏನು ಹೇಳುತ್ತೀರಿ? ರಾತ್ರಿ ಚೀಲದಲ್ಲಿದ್ದ ಕೇರೆಹಾವೊಂದು ಅಲ್ಲೇ ಪೊರೆ ಬಿಟ್ಟಿತು. ಹಾವು ಆರಡಿ ಚಿಲ್ಲರೆ, ಪೊರೆ ಏಳಡಿ ದಾಟಿತ್ತು. ಅಂದಿನಿಂದ ಪೊರೆಯ ಅಳತೆ ನಂಬುವುದು ಬಿಟ್ಟೆ.

ಅಳತೆ ಸಿಕ್ಕ ಮೇಲೆ ನೈಲಾನ್ ಹಗ್ಗ ಕತ್ತರಿಸಿದೆ. ಒಂಬೈನೂರು ರೂಪಾಯಿ ನೀರಿಗೆ ಹೋಯಿತು. ಜನ ಹಗ್ಗ ನೋಡಿದರು, ಉದ್ದದ್ದಕ್ಕೆ ಹೆದರಿದರು, ಗಿಡ್ಡದ್ದನ್ನು ಪಕ್ಕಕ್ಕೆ ಸರಿಸಿದರು. ಹಗ್ಗಕ್ಕೆ ದಪ್ಪವೂ ಇಲ್ಲ, ತೂಕವೂ ಇಲ್ಲ. ಆಮೇಲೆ ಟೈಲರ್ ಹತ್ತಿರ ಬಟ್ಟೆ ಕೊಳವೆ ಹೊಲಿಸಿ ಹೊಳೆ ಮರಳು ತುಂಬಿದೆ. ಮೊದಲ ಮಳೆಗಾಲದಲ್ಲೇ ಬೂಸ್ಟು ಹಿಡಿದು ಹೊಲಿಗೆ ಬಿಟ್ಟಿತು. ಎರಡನೇ ಸಲ ಕ್ಯಾನ್ವಾಸ್ ತಂದು, ಮರಳನ್ನು ಹಂಡೆಯಲ್ಲಿ ಹುರಿದು ತುಂಬಿದೆ. ಎಲ್ಲ ಸೇರಿ ನಾಲ್ಕೂವರೆ ಸಾವಿರ ಆಗಿರಬೇಕು. ಹೆಬ್ಬಾವು ಹನ್ನೊಂದಡಿ, ಹದಿನಾರು ಕೆಜಿ. ಕಾಳಿಂಗ ಹನ್ನೆರಡಡಿ, ಆರು ಕೆಜಿ. ಕೇರೆ ಏಳು, ನಾಗರ ನಾಲ್ಕು, ಕೊಳಕುಮಂಡಲ ನಾಲ್ಕಕ್ಕೆ ತುಸು ಕಡಿಮೆ, ಕಟ್ಟುಹಾವು ಮೂರು. ಬಯಲುಸೀಮೆಯ ಗೆಳೆಯರು ಅಳೆದು ಕೊಟ್ಟ ಗರಗಸ ಮಂಡಲ ಒಂದೂಕಾಲು ಅಡಿ ಅಷ್ಟೇ.

ಕೆಲಸ ಮಾಡಿದ್ದು ಹೊಟ್ಟೆಯ ಕಡೆ ಹೊಲಿಸಿದ ಪಟ್ಟಿ. ಮೊದಲು ಜನರೇ ಭಯದ ಲೆಕ್ಕದಲ್ಲಿ ಸಾಲಾಗಿ ಜೋಡಿಸಬೇಕು. ಎಲ್ಲ ಊರಲ್ಲೂ ಹೆಬ್ಬಾವು, ಕಾಳಿಂಗ, ಕೇರೆ ಮುಂದೆ, ಗರಗಸ ಕೊನೆ. ಆಮೇಲೆ ಮಗುಚುವುದು. ಹೆಬ್ಬಾವು, ಕೇರೆ ಬಿಳಿ, ವಿಷವೇ ಇಲ್ಲ. ಉಳಿದ ಐದೂ ಕೆಂಪು. ಅದರಲ್ಲಿ ನಾಲ್ಕಕ್ಕೆ ನೀಲಿ ದಾರ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ. ಆಸ್ಪತ್ರೆಯಲ್ಲಿ ಸಿಗುವ ಪ್ರತಿವಿಷ ಈ ನಾಲ್ಕಕ್ಕೇ ತಯಾರಾದದ್ದು, ಕಾಳಿಂಗಕ್ಕೆ ಅದು ನಾಟುವುದಿಲ್ಲ. ಆದರೆ ಕಾಳಿಂಗ ಕಚ್ಚುವುದೇ ಅಪರೂಪ, ದಾರಿ ಬಿಟ್ಟರೆ ಹೋಗುತ್ತದೆ. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜಿದೆ. ಹೆಚ್ಚಿನದು ಆ ಗಿಡ್ಡ ಕೆಂಪುಗಳದ್ದೇ ಕೆಲಸ. ನೆಲದ ಮೇಲೆ ಮಲಗಿದವರಿಗೆ ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ಎಚ್ಚರವೂ ಆಗುವುದಿಲ್ಲ. ಇಷ್ಟು ಹೇಳುವಾಗ ಅಜ್ಜಿಯಂದಿರು ಆ ಮೂರಡಿ ಕೊಳವೆಯನ್ನು ಕೈಗೆತ್ತಿಕೊಂಡು, "ಇಷ್ಟು ಹಗುರವಾ?" ಎಂದು ಕೇಳುತ್ತಾರೆ.

ನನಗೆ ಮುಖ್ಯ ಕೊಳಕುಮಂಡಲ. "ಹೆಬ್ಬಾವಿನ ಮರಿ" ಎಂದು ಕೈಯಲ್ಲೇ ಎತ್ತಿದವರನ್ನು ನೋಡಿದ್ದೇನೆ, ಒಬ್ಬರ ಬೆರಳು ಹೋಯಿತು. ಕಳೆದ ಮಳೆಗಾಲದಲ್ಲಿ ಕಾರ್ಯಕ್ರಮ ಮಾಡಿದ್ದ ಊರಿಂದ ಒಬ್ಬ ಹುಡುಗ ಫೋನ್ ಮಾಡಿದ: "ಅಣ್ಣಾ, ಕೊಟ್ಟಿಗೆ ಹಿಂದೆ ಗಿಡ್ಡ ಕೆಂಪು ಪಟ್ಟಿದು ಬಂದಿದೆ. ಕುಕ್ಕರ್ ಥರ ಬುಸುಗುಡ್ತಿದೆ. ಯಾರೂ ಮುಟ್ಟಿಲ್ಲ, ಟಾರ್ಚ್ ಹಿಡ್ಕೊಂಡು ದೂರ ನಿಂತಿದೀವಿ, ಬನ್ನಿ."